ಹನ್ನೆರಡು ಹೂವಿನ ತೆಮಾರಿ: ಭತ್ತದ ಹೊಟ್ಟು, ಜರಿ ಎಳೆ, ಒಂದು ಕಾಗದದ ಪಟ್ಟಿ

ಈ ಸಲ ಕೈಗೆತ್ತಿಕೊಂಡಿದ್ದು 27 ಸೆಂಟಿಮೀಟರ್ ಸುತ್ತಳತೆಯ ತೆಮಾರಿ. ಮೈತುಂಬ ಹನ್ನೆರಡು ಹೂವು, ಒಂದೊಂದಕ್ಕೆ ಐದು ದಳ. ಬಣ್ಣ ಆರು. ಚೆಂಡಿನ ಎದುರುಬದುರು ಬರುವ ಎರಡು ಹೂವಿಗೆ ಒಂದೇ ಬಣ್ಣ. ಹೀಗೆ ಹಂಚಿದರೆ ಯಾವ ಹೂವನ್ನು ನೋಡಿದರೂ ಅದರ ಸುತ್ತ ಉಳಿದ ಐದು ಬಣ್ಣಗಳು ಒಂದೊಂದು ಸಲ ಬಂದಿರುತ್ತವೆ. ಚೆಂಡನ್ನು ಹೇಗೆ ತಿರುಗಿಸಿ ಹಿಡಿದರೂ ಇದು ತಪ್ಪುವುದಿಲ್ಲ. ಈ ವಿನ್ಯಾಸ ನನಗೆ ಇಷ್ಟವಾಗಿದ್ದೇ ಇದಕ್ಕೆ.

ತೆಮಾರಿ ಅಂದರೆ ಜಪಾನಿನ ದಾರದ ಚೆಂಡು. ಮೊದಲು ಅದು ಮಕ್ಕಳ ಆಟದ ವಸ್ತು. ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ, ಹತ್ತಿ ದಾರ ಸಾಮಾನ್ಯರ ಮನೆಗೂ ಬಂತು. ಚೆಂಡಿನ ಮೇಲೆ ಬಣ್ಣದ ಹೊಲಿಗೆ ಹಾಕುವುದು ಎಲ್ಲ ಕಡೆ ಹರಡಿತು. ಎಡೊ ಮುಗಿದ ಮೇಲಿನ ಮೇಜಿ ಕಾಲದಲ್ಲಿ ರಬ್ಬರ್ ಚೆಂಡು ಬಂದು ಮಕ್ಕಳು ಇದನ್ನು ಬಿಟ್ಟರು. ಹೊಲಿಯುವವರು ಬಿಡಲಿಲ್ಲ. ನಾಗಾನೊ ಪ್ರಾಂತ್ಯದ ಮಾತ್ಸುಮೊಟೊ ಊರಿನಲ್ಲಿ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ತೆಮಾರಿ ಚಿತ್ರ ಇದೆ. ಅಕಿತಾ ಪ್ರಾಂತ್ಯದ ಯುರಿಹೊಂಜೊ ಕಡೆಯ ಚೆಂಡಿಗೆ ಮೂರು ಕಡೆ ಕುಚ್ಚು ಇಳಿಬಿಡುತ್ತಾರೆ. ಶಿಕೋಕು ದ್ವೀಪದ ಕಗಾವಾ ಪ್ರಾಂತ್ಯದಲ್ಲಿ ಸನುಕಿ ಕಗಾರಿ ತೆಮಾರಿ ಅಂತ ಒಂದು ಬಗೆ. ಅದರ ಒಳಗೆ ಭತ್ತದ ಹೊಟ್ಟು. ಮೇಲೆ ಗಿಡಮೂಲದ ಬಣ್ಣ ಹಾಕಿದ ಹತ್ತಿ ದಾರ.

ನನ್ನ ಚೆಂಡಿನ ಒಳಗೂ ಹೊಟ್ಟೇ. ನಮ್ಮ ಕಡೆ ಅಕ್ಕಿ ಗಿರಣಿಯಲ್ಲಿ ಕೇಳಿದರೆ ಒಂದು ಚೀಲ ಹೊಟ್ಟಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಥರ್ಮೋಕೋಲ್ ಉಂಡೆಯಿಂದಲೂ ತೆಮಾರಿ ಮಾಡಬಹುದು, ಈಗ ಬಹಳ ಜನ ಹಾಗೇ ಮಾಡುತ್ತಾರೆ. ಅದು ಮೊದಲೇ ದುಂಡಗಿರುತ್ತದೆ, ಕೆಲಸ ಬೇಗ ಆಗುತ್ತದೆ. ಆದರೂ ನನಗೆ ಹೊಟ್ಟಿನದೇ ಮೇಲು. ಅದಕ್ಕೆ ತೂಕ ಇದೆ. ಒತ್ತಿದರೆ ಒಗ್ಗುತ್ತದೆ. ಪಿನ್ನು ಚುಚ್ಚಿದರೆ ಅಲ್ಲಾಡದೆ ನಿಲ್ಲುತ್ತದೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಅಂಗೈಯಿಂದ ಅಮುಕಿ ಸರಿಮಾಡಬಹುದು. ಥರ್ಮೋಕೋಲ್‌ನಲ್ಲಿ ಇದು ಸಾಧ್ಯವಿಲ್ಲ.

ಹೊಟ್ಟನ್ನು ಮೊರದಲ್ಲಿ ಕೇರಿ ದೂಳು, ತವುಡು, ನುಚ್ಚು ಎಲ್ಲ ತೆಗೆದೆ. ಇದನ್ನು ಬಿಡಬೇಡಿ. ತವುಡು ಉಳಿದರೆ ಮುಂದೆ ಹುಳು ಬೀಳುತ್ತದೆ. ಆಮೇಲೆ ಚೆನ್ನಾಗಿ ಬಿಸಿಲಿಗೆ ಹಾಕಿದೆ. ಕೈಯಲ್ಲಿ ಹಿಡಿದರೆ ಗರಗರ ಅನ್ನಬೇಕು, ಅಷ್ಟು ಒಣಗಬೇಕು. ಎರಡು ಮುಷ್ಟಿಯಷ್ಟನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿದೆ. ನಡುವೆ ಮಾತ್ರೆಯ ಸಣ್ಣ ಡಬ್ಬಿ, ಡಬ್ಬಿಯೊಳಗೆ ಎರಡು ಗೆಜ್ಜೆ. ಜಪಾನಿನಲ್ಲೂ ಒಳಗೆ ಸದ್ದು ಮಾಡುವ ಏನನ್ನಾದರೂ ಇಡುವ ರೂಢಿ ಇದೆ. ಗೆಜ್ಜೆಯನ್ನು ಡಬ್ಬಿ ಇಲ್ಲದೆ ಸುಮ್ನೆ ಹೊಟ್ಟಿನೊಳಗೆ ಇಟ್ಟರೆ ಸದ್ದೇ ಬರುವುದಿಲ್ಲ, ಹೊಟ್ಟು ಅದನ್ನು ಹಿಡಿದುಬಿಡುತ್ತದೆ.

ಈಗ ಸುತ್ತುವುದು. ಮೊದಲು ಉಲ್ಲನ್ ದಾರ. ಬಿಗಿಯಾಗಿ ಎಳೆಯಬಾರದು, ಸಡಿಲವಾಗಿಯೂ ಇರಬಾರದು. ಪ್ರತಿ ಸುತ್ತಿಗೂ ಚೆಂಡನ್ನು ಬೇರೆ ದಿಕ್ಕಿಗೆ ತಿರುಗಿಸಬೇಕು. ಎರಡು ಸುತ್ತು ಒಂದೇ ಜಾಗದಲ್ಲಿ ಹೋದರೆ ಅಲ್ಲಿ ದಿಬ್ಬ ಏಳುತ್ತದೆ. ಸುತ್ತುವಾಗ ಕೈ ತಾನಾಗಿಯೇ ಎರಡು ತುದಿಗಳಲ್ಲಿ ಎಳೆಗಳನ್ನು ಕೂಡಿಸುತ್ತಾ ಹೋಗುತ್ತದೆ. ಅದಕ್ಕೇ ಆಗಾಗ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಎಸೆದು, ಬಂದ ಕಡೆಯಿಂದ ಮತ್ತೆ ಶುರುಮಾಡುತ್ತೇನೆ. ಉಲ್ಲನ್ ಮುಗಿದಾಗ ಸುತ್ತಳತೆ 26 ಸೆಂಟಿಮೀಟರ್ ಇತ್ತು.

ಅದರ ಮೇಲೆ ಕಡುನೀಲಿ ಹೊಲಿಗೆ ದಾರ. ಟೈಲರ್‌ಗಳು ಓವರ್‌ಲಾಕ್ ಮೆಷಿನ್ನಿಗೆ ಹಾಕುವ ದೊಡ್ಡ ಕೋನ್ ತೆಗೆದುಕೊಂಡರೆ ಗಂಟು ಹಾಕುವ ತೊಂದರೆ ಇಲ್ಲ. ಉಲ್ಲನ್ ಎಲ್ಲೂ ಕಾಣಬಾರದು. ಅಷ್ಟು ಸಾಲದು, ಸೂಜಿ ಆ ದಾರದ ಪದರವನ್ನು ಕಚ್ಚಿಕೊಂಡು ನಿಲ್ಲುವಷ್ಟು ದಪ್ಪ ಬೇಕು. ಒಂದೂವರೆ ಮಿಲಿಮೀಟರ್ ಆದರೂ ಇರಲಿ. ಹೊಲಿಗೆ ನಿಲ್ಲುವುದು ಉಲ್ಲನ್ ಮೇಲಲ್ಲ, ಈ ಪದರದ ಮೇಲೆ. ಇಲ್ಲಿ ಜಿಪುಣತನ ಮಾಡಿದರೆ ಮುಂದೆ ಪ್ರತಿ ಹೊಲಿಗೆಯೂ ಜಗ್ಗುತ್ತದೆ. ನೂರಾರು ಮೀಟರ್ ದಾರ ಹಿಡಿಯುತ್ತದೆ, ಹಿಡಿಯಲಿ.

ಟೇಪನ್ನು ಬೇರೆ ಬೇರೆ ದಿಕ್ಕಿನಲ್ಲಿ ಸುತ್ತಿ ಅಳೆದು ನೋಡಿದೆ. ಎಲ್ಲಾ ಕಡೆ 27, ಹೆಚ್ಚು ಕಡಿಮೆ ಎರಡು ಮಿಲಿಮೀಟರ್. ಇದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಂದೆ ಹೋಗಬೇಡಿ. ಉಬ್ಬಿದ ಕಡೆ ಅಮುಕಿ, ತಗ್ಗಿನ ಮೇಲೆ ಹಾಯುವಂತೆ ಇನ್ನೊಂದಿಷ್ಟು ದಾರ ಸುತ್ತಿ.

ಇಲ್ಲಿಂದ ಜಿವರಿ. ಚೆಂಡಿನ ಮೈಯನ್ನು ಸಮಭಾಗ ಮಾಡಿ ಗೆರೆ ಹಾಕುವ ಕೆಲಸ. ತೆಮಾರಿ ನೋಡಿದವರೆಲ್ಲ ಹೊಲಿಗೆಯನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಚೆಂಡಿನ ಚೆಂದ ತೀರ್ಮಾನವಾಗುವುದು ಮೊದಲ ಹೊಲಿಗೆಗೂ ಮುಂಚೆ, ಈ ಗೆರೆಗಳಲ್ಲಿ. ಅದಕ್ಕೆ ಬೇಕಾದ ಉಪಕರಣ ಅಂದರೆ ಅರ್ಧ ಸೆಂಟಿಮೀಟರ್ ಅಗಲದ ಒಂದು ಕಾಗದದ ಪಟ್ಟಿ ಮತ್ತು ಒಂದಷ್ಟು ಗುಂಡುಪಿನ್ನು. ಕೈವಾರ ಬೇಡ, ಕೋನಮಾಪಕ ಬೇಡ. ಗೋಳದ ಮೇಲಿನ ಜ್ಯಾಮಿತಿಯನ್ನು ಮಡಿಸಿದ ಕಾಗದದಿಂದ ಮಾಡಿ ಮುಗಿಸುವುದು ನನಗೆ ಇಂದಿಗೂ ಬೆರಗು.

ಪಟ್ಟಿಯ ಒಂದು ತುದಿಯನ್ನು ಪಿನ್ನಿನಿಂದ ಚೆಂಡಿಗೆ ಚುಚ್ಚಿದೆ. ಅದು ಮೇಲ್ತುದಿ. ಪಟ್ಟಿಯನ್ನು ಸುತ್ತಿ ತಂದು, ಪಿನ್ನಿಗೆ ಮುಟ್ಟಿದಲ್ಲಿ ಕತ್ತರಿಸಿದೆ. ಈಗ ಪಟ್ಟಿಯ ಉದ್ದ ಅಂದರೆ ಈ ಚೆಂಡಿನ ಸುತ್ತಳತೆ. ಅರ್ಧಕ್ಕೆ ಮಡಿಸಿ ಗುರುತು, ಅದು ಕೆಳತುದಿ. ಮತ್ತೆ ಅರ್ಧಕ್ಕೆ ಮಡಿಸಿ ಗುರುತು, ಅದು ನಡುಸುತ್ತು. ಕೆಳತುದಿಯನ್ನು ಒಂದೇ ಸಲಕ್ಕೆ ನಂಬಬಾರದು. ಪಟ್ಟಿಯನ್ನು ಮೇಲ್ತುದಿಯ ಪಿನ್ನಿನ ಸುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲವೂ ಅರ್ಧದ ಗುರುತು ಎಲ್ಲಿ ಬೀಳುತ್ತದೆ ನೋಡಬೇಕು. ಬಿದ್ದ ಗುರುತುಗಳ ನಟ್ಟನಡುವೆ ಪಿನ್ನು.

ಆಮೇಲೆ ನಡುಸುತ್ತಿನಲ್ಲಿ ಹತ್ತು ಪಿನ್ನು, ಒಂದಕ್ಕೊಂದು 2.7 ಸೆಂಟಿಮೀಟರ್ ದೂರ. ಸ್ಕೇಲ್ ಹಿಡಿದು ಪಟ್ಟಿಯ ಮೇಲೆ ಹತ್ತು ಗುರುತು ಮಾಡಿ, ಪಟ್ಟಿಯನ್ನು ಚೆಂಡಿನ ಸೊಂಟಕ್ಕೆ ಸುತ್ತಿ ಚುಚ್ಚುವುದು. ಮೇಲ್ತುದಿಯಿಂದ ಪ್ರತಿ ಪಿನ್ನಿಗೂ ದೂರ ಒಂದೇ ಇದೆಯಾ ಅಂತ ಕಾಲುಭಾಗದ ಮಡಿಕೆಯಿಂದ ನೋಡಿಕೊಳ್ಳಬೇಕು.

ಗೆರೆಗೆ ಜರಿ ಎಳೆ ಬಳಸಿದೆ. ಆರಿ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ತೆಳು ಬಂಗಾರದ ಬಣ್ಣದ್ದು. ದಪ್ಪ ಜರಿ ಬೇಡ, ಹೂವಿನ ಅಡಿಯಲ್ಲಿ ಏರುಪೇರು ಆಗುತ್ತದೆ. ಮೇಲ್ತುದಿಯಿಂದ ಹೊರಟು, ನಡುವಿನ ಪಿನ್ನು ದಾಟಿ, ಕೆಳತುದಿ ಮುಟ್ಟಿ, ಎದುರಿನ ಪಿನ್ನು ದಾಟಿ ವಾಪಸ್. ಹೀಗೆ ಐದು ಸುತ್ತು ಹಾಕಿದರೆ ತುದಿಯಿಂದ ಹತ್ತು ಗೆರೆ ಹೊರಟಂತೆ ಕಾಣುತ್ತದೆ. ಎರಡೂ ತುದಿಗಳಲ್ಲಿ ಒಂದೊಂದು ಪುಟ್ಟ ಹೊಲಿಗೆ ಹಾಕಿ ಎಳೆಗಳನ್ನು ಒಟ್ಟಿಗೆ ಕೂರಿಸಿದೆ. ನಡುಸುತ್ತಿಗೆ ಮಾತ್ರ ಜರಿ ಹಾಕಬಾರದು. ಈ ವಿನ್ಯಾಸದಲ್ಲಿ ಆ ಗೆರೆಗೆ ಜಾಗವೇ ಇಲ್ಲ. ಪಿನ್ನುಗಳ ಕೆಲಸ ಮುಗಿಯಿತು, ತೆಗೆದೆ.

ಈಗ ಅಸಲು ಕೆಲಸ. ತೆಮಾರಿ ಮಾಡುವವರು ಸಿ10 ಅಂತ ಕರೆಯುವ ಗುರುತು. ಚೆಂಡಿನ ಮೇಲೆ ಹನ್ನೆರಡು ಬಿಂದು ಇಡಬೇಕು. ಯಾವ ಬಿಂದುವಿನಿಂದ ನೋಡಿದರೂ ಹತ್ತಿರದ ಐದು ಬಿಂದುಗಳು ಒಂದೇ ದೂರದಲ್ಲಿರಬೇಕು. ಹಳೆಯ ಕಾಲ್ಚೆಂಡಿನ ಮೇಲೆ ಹನ್ನೆರಡು ಕಪ್ಪು ಐದುಮೂಲೆ ತುಂಡುಗಳು ಇರುತ್ತಿದ್ದವಲ್ಲ, ಅವುಗಳ ನಟ್ಟನಡುವಿನ ಜಾಗಗಳೇ ಇವು. ಎರಡು ಬಿಂದು ಆಗಲೇ ಸಿಕ್ಕಿವೆ: ಮೇಲ್ತುದಿ, ಕೆಳತುದಿ. ಉಳಿದ ಹತ್ತು ಎಲ್ಲಿ?

ಲೆಕ್ಕ ಸುಲಭ. ಸುತ್ತಳತೆಯ ಆರನೇ ಒಂದು ಭಾಗ, ಅದಕ್ಕೆ ಸುತ್ತಳತೆಯ ನೂರನೇ ಒಂದು ಭಾಗ ಕೂಡಿಸಿ. 27ರ ಆರನೇ ಒಂದು ಭಾಗ 4.5. ನೂರನೇ ಒಂದು ಭಾಗ 0.27. ಒಟ್ಟು 4.77 ಸೆಂಟಿಮೀಟರ್. ಗಣಿತದ ಪ್ರಕಾರ ಪಕ್ಕಪಕ್ಕದ ಎರಡು ಬಿಂದುಗಳ ನಡುವಿನ ಕೋನ 63.43 ಡಿಗ್ರಿ. 27 ಸೆಂಟಿಮೀಟರ್ ಚೆಂಡಿನ ಮೇಲೆ ಅದು 4.757 ಸೆಂಟಿಮೀಟರ್ ಆಗುತ್ತದೆ. ವ್ಯತ್ಯಾಸ 0.13 ಮಿಲಿಮೀಟರ್ ಮಾತ್ರ. ಪಿನ್ನಿನ ದಪ್ಪವೇ ಅದಕ್ಕಿಂತ ಜಾಸ್ತಿ. ಆರು ಮತ್ತು ನೂರು, ಎರಡೇ ಸಂಖ್ಯೆ ನೆನಪಿಟ್ಟುಕೊಂಡರೆ ಯಾವ ಅಳತೆಯ ಚೆಂಡಿಗೂ ನಡೆಯುತ್ತದೆ.

ಪಟ್ಟಿಯ ಮೇಲೆ 4.77ಕ್ಕೆ ಗುರುತು ಮಾಡಿದೆ. ಮೇಲ್ತುದಿಯಿಂದ ಒಂದು ಗೆರೆ ಬಿಟ್ಟು ಒಂದರಂತೆ ಐದು ಗೆರೆಗಳ ಮೇಲೆ ಆ ದೂರಕ್ಕೆ ಪಿನ್ನು. ಚೆಂಡನ್ನು ತಿರುವಿ ಹಾಕಿ, ಕೆಳತುದಿಯಿಂದ ಬಿಟ್ಟುಹೋದ ಐದು ಗೆರೆಗಳ ಮೇಲೆ ಅಷ್ಟೇ ದೂರಕ್ಕೆ ಪಿನ್ನು. ಹನ್ನೆರಡೂ ಆಯಿತು.

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಘಟ್ಟ ಇದು. ಇಲ್ಲಿಯವರೆಗೆ ಅಳೆದಿದ್ದು ತುದಿಯಿಂದ ಪಿನ್ನಿಗೆ. ಪಿನ್ನಿಂದ ಪಿನ್ನಿಗೆ ಒಂದು ಸಲವೂ ಅಳೆದಿಲ್ಲ. ಆದರೂ ಮೇಲಿನ ಐದರಲ್ಲಿ ಪಕ್ಕಪಕ್ಕದ ಎರಡರ ನಡುವೆ ಪಟ್ಟಿ ಇಟ್ಟರೆ ಅದೇ 4.77. ಮೇಲಿನ ಸಾಲಿನ ಒಂದಕ್ಕೂ ಕೆಳಸಾಲಿನ ಹತ್ತಿರದ ಒಂದಕ್ಕೂ ನಡುವೆ ಇಟ್ಟರೂ ಅದೇ 4.77. ಒಟ್ಟು ಮೂವತ್ತು ಅಂತರ, ಮೂವತ್ತೂ ಒಂದೇ. ಚೆಂಡು ತನ್ನ ಅಳತೆಯನ್ನು ತಾನೇ ಪರೀಕ್ಷೆ ಮಾಡಿ ಹೇಳುತ್ತದೆ.

ಹೊಂದದಿದ್ದರೆ ಏನು ಮಾಡಬೇಕು ಅಂತಲೂ ಅದೇ ಹೇಳುತ್ತದೆ. ಮೇಲಿನ ಐದು ಪಿನ್ನುಗಳ ನಡುವಿನ ಐದೂ ಅಂತರ ಸಮನಾಗಿ ಕಡಿಮೆ ಬಂದರೆ, ಪಿನ್ನುಗಳು ತುದಿಗೆ ಹತ್ತಿರವಾಗಿವೆ, ಎಲ್ಲವನ್ನೂ ಕೂದಲಷ್ಟು ಕೆಳಗಿಳಿಸಿ. ಒಂದು ಕಡೆ ಕಡಿಮೆ, ಅದರ ಪಕ್ಕದಲ್ಲಿ ಅಷ್ಟೇ ಜಾಸ್ತಿ ಬಂದರೆ, ನಡುವಿನ ಪಿನ್ನು ಒಂದು ಪಕ್ಕಕ್ಕೆ ಸರಿದಿದೆ. ಅಲ್ಲಿಯ ಜರಿ ಗೆರೆಯನ್ನೂ ಸೇರಿಸಿ ಸೂಜಿಯ ಮೊನೆಯಿಂದ ಸರಿಸಬೇಕು. ನಾನು ಮೂವತ್ತು ಅಂತರವನ್ನೂ ಅಳೆಯುತ್ತೇನೆ. ಕೆಲವು ಬಿಟ್ಟರೂ ನಡೆಯುತ್ತದೆ ಅನ್ನುವವರಿದ್ದಾರೆ, ನನ್ನ ಮನಸ್ಸು ಒಪ್ಪುವುದಿಲ್ಲ.

ಪಿನ್ನುಗಳ ತಲೆಯ ಬಣ್ಣದ ಬಗ್ಗೆ ಒಂದು ಮಾತು. ಆರು ಬಣ್ಣದ ಗುಂಡುಪಿನ್ನು ಇಟ್ಟುಕೊಳ್ಳಿ. ಎದುರುಬದುರಿನ ಜೋಡಿಗೆ ಒಂದೇ ಬಣ್ಣ. ಇದರಿಂದ ಮುಂದೆ ಯಾವ ಹೂವಿಗೆ ಯಾವ ದಾರ ಅನ್ನುವ ಯೋಚನೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಉಳಿದ ಗೆರೆ ಹಾಕುವಾಗ ದಾರಿ ತಿಳಿಯುತ್ತದೆ.

ಇನ್ನೂ ಹತ್ತು ಸುತ್ತು ಗೆರೆ ಬಾಕಿ. ಪ್ರತಿ ಸುತ್ತೂ ನಾಲ್ಕು ಪಿನ್ನುಗಳನ್ನು ಮುಟ್ಟುತ್ತದೆ. ಕೆಂಪು ತಲೆಯಿಂದ ಹೊರಟು ಪಕ್ಕದ ಹಳದಿಗೆ ಹೋದೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ನೇರ ಮುಂದುವರಿದರೆ ಎದುರಿನ ಕೆಂಪು ಸಿಗುತ್ತದೆ, ಆಮೇಲೆ ಎದುರಿನ ಹಳದಿ, ಕೊನೆಗೆ ಹೊರಟ ಜಾಗ. ಕೆಂಪು, ಹಳದಿ, ಕೆಂಪು, ಹಳದಿ. ಪ್ರತಿ ಬಣ್ಣದ ಜೋಡಿಗೂ ಇಂಥ ಒಂದೇ ಸುತ್ತು. ಆರು ಬಣ್ಣಗಳಲ್ಲಿ ಎರಡೆರಡನ್ನು ಹದಿನೈದು ಬಗೆಯಲ್ಲಿ ಜೋಡಿ ಮಾಡಬಹುದು ಅಲ್ವಾ? ಒಟ್ಟು ಗೆರೆಯ ಸುತ್ತುಗಳೂ ಹದಿನೈದೇ. ಮೊದಲು ಹಾಕಿದ ಐದರಲ್ಲಿ ಮೇಲ್ತುದಿಯ ಬಣ್ಣದ ಜೋಡಿಗಳೆಲ್ಲ ಮುಗಿದಿವೆ. ಒಂದು ಚೀಟಿಯಲ್ಲಿ ಉಳಿದ ಹತ್ತು ಜೋಡಿ ಬರೆದುಕೊಂಡು ಒಂದೊಂದನ್ನೇ ಹೊಡೆದುಹಾಕುತ್ತಾ ಹೋದರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಎಲ್ಲ ಮುಗಿದಾಗ ಚೆಂಡಿನ ಮೈ 120 ಪುಟ್ಟ ತ್ರಿಕೋನಗಳಾಗಿ ಹರಿದು ಹಂಚಿರುತ್ತದೆ. ಹನ್ನೆರಡು ಬಿಂದುಗಳಲ್ಲಿ ಹತ್ತು ಗೆರೆ ಕೂಡುತ್ತವೆ. ಇಪ್ಪತ್ತು ಕಡೆ ಆರು ಗೆರೆ. ಮೂವತ್ತು ಕಡೆ ನಾಲ್ಕು ಗೆರೆ. ಆರು ಗೆರೆ ಕೂಡುವ ಆ ಇಪ್ಪತ್ತು ಕಡೆ ಗಮನ ಕೊಡಿ. ಅಲ್ಲಿ ಪಿನ್ನು ಇರುವುದಿಲ್ಲ, ಮೂರು ಎಳೆಗಳು ಒಂದೇ ಬಿಂದುವಿನಲ್ಲಿ ಹಾಯದೆ ಸಣ್ಣ ತ್ರಿಕೋನ ಬಿಟ್ಟುಕೊಂಡು ಹೋಗಿರುತ್ತವೆ. ಸೂಜಿಯ ಮೊನೆಯಿಂದ ಮೂರನ್ನೂ ನಡುವಿಗೆ ತಂದು, ಅದೇ ಜರಿಯಿಂದ ಕಣ್ಣಿಗೆ ಕಾಣದ ಒಂದು ಹೊಲಿಗೆ. ದಳಗಳ ತುದಿ ಸೇರುವುದು ಅಲ್ಲೇ.

ಹೂವಿಗೆ ಎಂಟನೇ ನಂಬರ್ ಪರ್ಲ್ ಕಾಟನ್. ನಂಬರ್ ಜಾಸ್ತಿ ಆದಷ್ಟೂ ದಾರ ತೆಳು. ಐದನೇ ನಂಬರ್ ದಪ್ಪ, ಬೇಗ ತುಂಬುತ್ತದೆ, ಆದರೆ ಈ ಅಳತೆಯ ಚೆಂಡಿನಲ್ಲಿ ದಳದ ಮೊನೆ ಮೊಂಡಾಗುತ್ತದೆ. ಬಣ್ಣಗಳು: ಕುಂಕುಮ ಕೆಂಪು, ಅರಿಶಿನ, ಕನಕಾಂಬರ, ಗಿಳಿಹಸಿರು, ತಿಳಿ ನೇರಳೆ, ಬಿಳಿ.

ಪ್ರತಿ ಹೂವಿನ ನಡುವಿಂದ ಹತ್ತು ಗೆರೆ ಹೊರಡುತ್ತವೆ. ಐದು ಗಿಡ್ಡ, ಐದು ಉದ್ದ. ಗಿಡ್ಡವು ನಾಲ್ಕು ಗೆರೆ ಕೂಡುವ ಬಿಂದುವಿಗೆ ಹೋಗುತ್ತವೆ, ನನ್ನ ಚೆಂಡಿನಲ್ಲಿ 2.4 ಸೆಂಟಿಮೀಟರ್. ಉದ್ದನೆಯವು ಆರು ಗೆರೆ ಕೂಡುವಲ್ಲಿಗೆ, 2.8 ಸೆಂಟಿಮೀಟರ್. ದಳದ ಮೊನೆ ಉದ್ದ ಗೆರೆಯ ಮೇಲೆ. ದಳ ದಳದ ನಡುವಿನ ಸಂದು ಗಿಡ್ಡ ಗೆರೆಯ ಮೇಲೆ.

ಹೊಲಿಗೆಯ ಹೆಸರು ಉವಗಾಕೆ ಚಿದೋರಿ ಕಗಾರಿ. ಕಸೂತಿ ಕಲಿತವರು ನೋಡಿದರೆ ಹೆರಿಂಗ್‌ಬೋನ್ ಅನ್ನುತ್ತಾರೆ, ಮೂಲ ಅದೇ. ಕೈ ಎಡದಿಂದ ಬಲಕ್ಕೆ ಸಾಗುತ್ತದೆ, ಸೂಜಿ ಮಾತ್ರ ಬಲದಿಂದ ಎಡಕ್ಕೆ ಚುಚ್ಚುತ್ತದೆ. ಗಂಟು ಹಾಕುವುದಿಲ್ಲ. ಮೂರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ಸೂಜಿ ಇಳಿಸಿ, ಗಿಡ್ಡ ಗೆರೆಯ ಮೇಲೆ ನಡುವಿನಿಂದ 5 ಮಿಲಿಮೀಟರ್ ದೂರದಲ್ಲಿ, ಗೆರೆಯ ಎಡಕ್ಕೆ ಹೊರತೆಗೆದೆ. ದಾರದ ಬಾಲ ನೀಲಿ ಪದರದೊಳಗೆ ಮರೆಯಾಗುವವರೆಗೆ ಎಳೆದೆ. ಅಲ್ಲಿಂದ ಬಲಕ್ಕಿರುವ ಉದ್ದ ಗೆರೆಗೆ, ನಡುವಿನಿಂದ 12 ಮಿಲಿಮೀಟರ್ ದೂರಕ್ಕೆ. ಗೆರೆಯ ಬಲಕ್ಕೆ ಚುಚ್ಚಿ ಎಡಕ್ಕೆ ತೆಗೆದು, ಮತ್ತೆ ಮುಂದಿನ ಗಿಡ್ಡ ಗೆರೆಗೆ. ಒಳಗೆ, ಹೊರಗೆ, ಒಳಗೆ, ಹೊರಗೆ. ಹತ್ತು ಹೊಲಿಗೆಗೆ ಒಂದು ಸುತ್ತು ಮುಗಿದು ಸಣ್ಣ ನಕ್ಷತ್ರ ಮೂಡುತ್ತದೆ.

ಎರಡನೇ ಸುತ್ತಿನಿಂದ ಈ ಹೊಲಿಗೆಯ ಗುಟ್ಟು ಶುರು. ಹೊರಮೊನೆಯಲ್ಲಿ ಪ್ರತಿ ಸುತ್ತೂ 2 ಮಿಲಿಮೀಟರ್ ಕೆಳಗಿಳಿಯುತ್ತದೆ. ದಾರದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಇರುವಾಗ ಇಷ್ಟು ದೂರ ಯಾಕೆ ಅನ್ನಿಸಬಹುದು. ಮೊನೆ ಚೂಪಾಗಿದೆ, ಎಳೆಗಳು ಓರೆಯಾಗಿ ಬಂದು ಸೇರುತ್ತವೆ. ಗೆರೆಯ ಮೇಲೆ 2 ಮಿಲಿಮೀಟರ್ ಸರಿದರೆ ಮಾತ್ರ ದಳದ ಪಕ್ಕದಲ್ಲಿ ಎಳೆಗೆ ಎಳೆ ತಾಗಿ ಕೂರುತ್ತದೆ. ಒಂದೇ ಮಿಲಿಮೀಟರ್ ಇಟ್ಟರೆ ಎಳೆಗಳು ಒಂದರ ಮೇಲೊಂದು ಹತ್ತಿ ಮೊನೆ ದಪ್ಪವಾಗುತ್ತದೆ. ಒಳಗಿನ ಸಂದಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಎಳೆಗಳು ಅಗಲವಾಗಿ ತೆರೆದುಕೊಂಡಿರುತ್ತವೆ, ಪ್ರತಿ ಸುತ್ತಿಗೆ ಮುಕ್ಕಾಲು ಮಿಲಿಮೀಟರ್ ಸಾಕು. ಸೂಜಿಯು ಹಿಂದಿನ ಸುತ್ತುಗಳ ಎಲ್ಲ ಎಳೆಗಳ ಅಡಿಯಿಂದ ನುಗ್ಗಿ, ಎಲ್ಲವನ್ನೂ ಸೇರಿಸಿ ಹಿಡಿದು ಆಚೆ ಬರಬೇಕು. ಯಾವ ಎಳೆಯನ್ನೂ ಸೀಳಬಾರದು. ಹಾಗಾಗಿ ಅಲ್ಲಿ ನಾನು ಸೂಜಿಯನ್ನು ತಿರುಗಿಸಿ, ಮೊನೆಯ ಬದಲು ಕಣ್ಣಿನ ಕಡೆಯಿಂದ ನೂಕುತ್ತೇನೆ. ಈ ಹೆಣಿಗೆ ಸುತ್ತಿನಿಂದ ಸುತ್ತಿಗೆ ದಪ್ಪವಾಗುತ್ತಾ ಹೋಗಿ, ಹೂವಿನ ನಡುಭಾಗಕ್ಕೆ ಜಡೆಯ ಹಾಗೆ ಒಂದು ಉಬ್ಬು ಬರುತ್ತದೆ.

ಎಂಟು ಸುತ್ತಿಗೆ ಮೊನೆ 26 ಮಿಲಿಮೀಟರಿಗೆ ಬಂತು. ಕೂಡುಬಿಂದುವಿಗೆ ಇನ್ನು ಎರಡು ಮಿಲಿಮೀಟರ್ ಇದೆ ಅನ್ನುವಾಗ ನಿಲ್ಲಿಸಬೇಕು. ಅಷ್ಟು ಜಾಗ ಬೇಕೇ ಬೇಕು. ಮೂರು ಹೂವಿನ ಮೊನೆಗಳು ಅಲ್ಲಿ ಸೇರುತ್ತವೆ. ಪೂರ್ತಿ ಒತ್ತಿ ಹೊಲಿದರೆ ಮೊನೆಗಳು ಒಂದನ್ನೊಂದು ನೂಕಿ ಸೊಟ್ಟಗಾಗುತ್ತವೆ, ಜರಿಯೂ ಮುಚ್ಚಿಹೋಗುತ್ತದೆ. ಒಂದು ಹೂವಿಗೆ ಹೆಚ್ಚು ಕಡಿಮೆ ಒಂದೂವರೆ ಮೀಟರ್ ದಾರ ಹಿಡಿಯಿತು. ಒಂದೇ ಎಳೆಯಲ್ಲಿ ಹೂವು ಮುಗಿದರೆ ಬಾಲ ಮುಚ್ಚುವ ಕೆಲಸ ಕಡಿಮೆ. ಹೊಲಿಯುತ್ತಾ ಹೋದಂತೆ ಪರ್ಲ್ ದಾರದ ಹುರಿ ಬಿಚ್ಚಿಕೊಳ್ಳುತ್ತದೆ, ಹೊಳಪು ಮಾಸುತ್ತದೆ. ಆಗಾಗ ಚೆಂಡನ್ನು ಎತ್ತಿ ಹಿಡಿದು ಸೂಜಿಯನ್ನು ಜೋತುಬಿಡಿ. ಹುರಿ ತಾನೇ ಸರಿಹೋಗುತ್ತದೆ.

ಹೂವುಗಳು ಒಂದರ ಮೇಲೊಂದು ಬರುವುದಿಲ್ಲ, ಹಾಗಾಗಿ ಯಾವ ಕ್ರಮದಲ್ಲಿ ಹೊಲಿದರೂ ಸರಿ. ನಾನು ಎದುರುಬದುರಿನ ಜೋಡಿಯನ್ನು ಒಟ್ಟಿಗೆ ಮುಗಿಸುತ್ತೇನೆ. ಒಂದು ಕಡೆ ಎಳೆದ ಬಿಗಿ ಕೈಯಲ್ಲಿ ನೆನಪಿರುವಾಗಲೇ ಇನ್ನೊಂದು ಕಡೆಗೂ ಅಷ್ಟೇ ಬಿಗಿ ಬೀಳುತ್ತದೆ.

ಮೊದಲ ಕೆಲವು ಹೂವು ಮುಗಿದಾಗ ಚೆಂಡು ಅಷ್ಟೇನೂ ಕಾಣುವುದಿಲ್ಲ, ಅಲ್ಲಲ್ಲಿ ಅಂಟಿಸಿದಂತೆ ಇರುತ್ತದೆ. ಮೂರು ಹೂವು ಪಕ್ಕಪಕ್ಕ ಬಂದು ಮೊನೆಗೆ ಮೊನೆ ಕೂಡಿದ ಕೂಡಲೇ ಎಲ್ಲ ಬದಲಾಗುತ್ತದೆ. ಆಗ ಹೂವಿನ ನಡುವಿನ ಖಾಲಿ ಜಾಗಕ್ಕೂ ಆಕಾರ ಬರುತ್ತದೆ. ಪಕ್ಕಪಕ್ಕದ ಎರಡು ಹೂವಿನ ನಡುವೆ ಕಡುನೀಲಿಯ ವಜ್ರಾಕಾರ, ಅದರೊಳಗೆ ಜರಿಯ ಅಡ್ಡ ಉದ್ದ. ಇಂಥವು ಮೂವತ್ತು. ಅವನ್ನು ಯಾರೂ ಹೊಲಿದಿಲ್ಲ, ಹೂವುಗಳು ಬಿಟ್ಟ ಜಾಗವದು. ಹೂವಿನ ನಡುವಲ್ಲೂ ಒಂದು ಪುಟ್ಟ ನೀಲಿ ಐದುಮೂಲೆ ಉಳಿದು, ಹತ್ತು ಜರಿ ಎಳೆಗಳು ಕೇಸರದಂತೆ ಕಾಣುತ್ತವೆ. ಅಲ್ಲಿ ಮಣಿ ಹೊಲಿಯೋಣ ಅಂದುಕೊಂಡಿದ್ದೆ. ಜರಿ ಕಂಡ ಮೇಲೆ ಬೇಡ ಅನ್ನಿಸಿತು.

ಕೊನೆಯ ದಾರದ ಬಾಲವನ್ನು ಸೂಜಿಯಲ್ಲಿ ಆಳಕ್ಕೆ ಇಳಿಸಿ, ದೂರದಲ್ಲಿ ತೆಗೆದು, ಸ್ವಲ್ಪ ಎಳೆದು ಮೈಗೆ ತಾಗಿ ಕತ್ತರಿಸಿದರೆ ತುದಿ ಒಳಗೆ ಸೇರಿಕೊಳ್ಳುತ್ತದೆ. ಪಿನ್ನು ಎಣಿಸಿ ತೆಗೆಯಿರಿ. ತಲೆ ಮುರಿದ ಪಿನ್ನು ಒಳಗೆ ಉಳಿದ ಚೆಂಡನ್ನು ಮಕ್ಕಳ ಕೈಗೆ ಕೊಡಬಾರದು. ಇಡಲು ಒಂದು ಬಳೆ ಸಾಕು, ಅದರ ಮೇಲೆ ಉರುಳದೆ ಕೂರುತ್ತದೆ. ನೇರ ಬಿಸಿಲು ಬೀಳುವ ಕಡೆ ಇಡಬೇಡಿ, ಕೆಂಪು ಮತ್ತು ನೇರಳೆ ಬೇಗ ಮಾಸುತ್ತವೆ.

ಮುಂದಿನ ಉಂಡೆ ಸುತ್ತಿ ಇಟ್ಟಿದ್ದೇನೆ. ಸುತ್ತಳತೆ 30, ಅಂದರೆ 5 ಕೂಡಿಸು 0.3, ಪಟ್ಟಿಯ ಗುರುತು 5.3 ಸೆಂಟಿಮೀಟರಿಗೆ. ಗೆರೆಗಳು ಇವೇ ಹದಿನೈದು. ಹೊಲಿಗೆ ಮಾತ್ರ ಬೇರೆ: ಜಪಾನಿನವರು ಅಸನೊಹ ಅನ್ನುವ ಸೆಣಬಿನೆಲೆಯ ವಿನ್ಯಾಸ, ಬಿಳಿ ಮೈಯ ಮೇಲೆ ಒಂದೇ ಬಣ್ಣದ ದಾರದಲ್ಲಿ.